ಮುತ್ತೈದೆ: ಒಂದು ಪದದ ಹುಟ್ಟು ಮತ್ತು ಬಾಳು

ತುಂಗಭದ್ರೆಯ ಎಡದಂಡೆಯ ಮೇಲಿರುವ ಐರಣಿ, ರಾಣೇಬೆನ್ನೂರು ತಾಲ್ಲೂಕಿನ ಹಳೆಯ ಕೋಟೆಯ ಊರು. ಅಲ್ಲಿಂದ ಬ್ಯಾಡಗಿ, ಹಾವೇರಿಗಳವರೆಗಿನ ಸೀಮೆಯಲ್ಲಿ ಯಾವ ಜಾತಿಯ ಮನೆಯಲ್ಲಿ ಯಾವ ಶುಭಕಾರ್ಯ ನಡೆದರೂ ಮೊದಲು ಕೇಳಿಬರುವ ಮಾತು, ‘ಐವರು ಮುತ್ತೈದೆಯರನ್ನು ಕರೆಯಿರಿ’ ಎಂಬುದು. ಹಂದರಗಂಬಕ್ಕೆ ಪೂಜೆ ಸಲ್ಲಿಸುವವರು ಅವರು. ಬೀಸುವ ಕಲ್ಲಿಗೆ ಅರಿಶಿನದ ಕೊಂಬು ಕಟ್ಟುವವರು ಅವರು. ಮದುಮಗಳ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಖಣ ತುಂಬುವವರೂ ಅವರೇ. ದಿನನಿತ್ಯ ನಾಲಗೆಯ ಮೇಲಿರುವ ಪದವಾದ್ದರಿಂದ ಇದರ ಅರ್ಥವನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಸಿದ್ಧವಾದ ಒಂದು ಉತ್ತರ ದೊರೆಯುತ್ತದೆ: ಮುತ್ತು ಮತ್ತು ಐದು ಸೇರಿ ಮುತ್ತೈದೆ; ಐದು ಮುತ್ತುಗಳನ್ನು ಧರಿಸಿದವಳು; ಆ ಐದು ಮುತ್ತುಗಳೆಂದರೆ ತಾಳಿ, ಕಾಲುಂಗುರ, ಬಳೆ, ಮೂಗುತಿ, ಕುಂಕುಮ.

ಈ ವಿವರಣೆ ಕೇಳಲು ಇಂಪಾಗಿದೆ. ಪ್ರವಚನಗಳಲ್ಲಿಯೂ ಲಗ್ನಪತ್ರಿಕೆಗಳಲ್ಲಿಯೂ ಅದು ಮತ್ತೆ ಮತ್ತೆ ಬರುತ್ತದೆ. ಆದರೆ ಭಾಷೆಯ ನಿಯಮಗಳ ಮುಂದೆ ಅದು ನಿಲ್ಲುವುದಿಲ್ಲ. ಅದಕ್ಕೆ ಮೂರು ಕಾರಣಗಳನ್ನು ಕೊಡಬಹುದು.

ಮೊದಲನೆಯದು ಪದಗಳ ಕ್ರಮ. ಕನ್ನಡದಲ್ಲಿ ಸಂಖ್ಯಾವಾಚಕವು ನಾಮಪದದ ಹಿಂದೆ ನಿಲ್ಲುತ್ತದೆ. ಐದು ಹಣ್ಣು, ಐದು ಮುತ್ತು ಎನ್ನುತ್ತೇವೆ. ಸಮಾಸವಾದಾಗಲೂ ಇದೇ ಕ್ರಮ: ಐನೂರು, ಐವತ್ತು, ಐಮಡಿ. ಐದು ಮುತ್ತುಗಳವಳು ಎಂಬ ಅರ್ಥವಿದ್ದಿದ್ದರೆ ‘ಐಮುತ್ತಿ’ಯಂಥ ರೂಪವನ್ನು ನಿರೀಕ್ಷಿಸಬೇಕಿತ್ತೇ ಹೊರತು ‘ಮುತ್ತೈದೆ’ಯನ್ನಲ್ಲ. ಎರಡನೆಯದು, ‘ಐದೆ’ ಎಂಬ ಪದವು ಮುತ್ತಿನ ಹಂಗಿಲ್ಲದೆ ಸ್ವತಂತ್ರವಾಗಿ ಬಳಕೆಯಲ್ಲಿದೆ. ‘ಐದೆತನ’ ಎಂಬ ಭಾವನಾಮವನ್ನು ಜನಪದ ಹಾಡುಗಳೂ ಹಿರಿಯರ ಹರಕೆಗಳೂ ಬಲ್ಲವು. ಐದೆ ಎಂಬುದು ಬರಿಯ ಸಂಖ್ಯೆಯೇ ಆಗಿದ್ದರೆ ಮುತ್ತನ್ನು ಕಳೆದ ಮೇಲೆ ‘ಐದುತನ’ಕ್ಕೆ ಏನರ್ಥ? ಮೂರನೆಯದು, ಐದು ವಸ್ತುಗಳ ಪಟ್ಟಿ ಎಲ್ಲೆಡೆ ಒಂದೇ ಆಗಿಲ್ಲ. ಒಂದು ಕಡೆ ಮೂಗುತಿ ಇರುವಲ್ಲಿ ಇನ್ನೊಂದು ಕಡೆ ಹೂವು ಬರುತ್ತದೆ. ಮತ್ತೊಂದು ಕಡೆ ಅರಿಶಿನವೂ ಕುಂಕುಮವೂ ಬೇರೆ ಬೇರೆಯಾಗಿ ಎಣಿಕೆಗೆ ಸೇರಿ ಕಾಲುಂಗುರ ಹೊರಗುಳಿಯುತ್ತದೆ. ಐದು ಎಂಬ ಸಂಖ್ಯೆ ಮೊದಲು ಗೊತ್ತಾಗಿ, ವಸ್ತುಗಳನ್ನು ಆಮೇಲೆ ಹೊಂದಿಸಿದ್ದಾರೆ ಎಂಬುದಕ್ಕೆ ಈ ಹೊಯ್ದಾಟವೇ ಸಾಕ್ಷಿ. ಶುಭಕಾರ್ಯಕ್ಕೆ ಐವರನ್ನು ಕರೆಯುವ ರೂಢಿ ಈ ಊಹೆಗೆ ಬಲ ಕೊಟ್ಟಿರಬೇಕು. ಜನ ತಮಗೆ ಅಪರಿಚಿತವಾದ ಧ್ವನಿಯನ್ನು ಪರಿಚಿತವಾದ ಪದಕ್ಕೆ ಜೋಡಿಸಿಕೊಳ್ಳುವುದು ಎಲ್ಲ ಭಾಷೆಗಳಲ್ಲಿಯೂ ಕಾಣುವ ಪ್ರವೃತ್ತಿ.

ಹಾಗಾದರೆ ಐದೆ ಎಂದರೇನು? ನಿಘಂಟುಕಾರರು ಒಪ್ಪಿರುವಂತೆ ಇದು ಸಂಸ್ಕೃತದ ‘ಅವಿಧವಾ’ ಶಬ್ದದ ತದ್ಭವ. ವಿಧವೆಯಲ್ಲದವಳು ಎಂಬುದೇ ಅದರ ಅಕ್ಷರಾರ್ಥ. ಆಕಾರಾಂತ ಸ್ತ್ರೀಲಿಂಗ ಶಬ್ದಗಳು ಕನ್ನಡಕ್ಕೆ ಬರುವಾಗ ಎಕಾರಾಂತವಾಗುವುದು, ಮಹಾಪ್ರಾಣವು ಅಲ್ಪಪ್ರಾಣವಾಗುವುದು ವ್ಯಾಕರಣದ ಪ್ರಾಥಮಿಕ ಪಾಠ; 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಇಂಥ ಮಾರ್ಪಾಡುಗಳಿಗಾಗಿಯೇ ಮೀಸಲಿಟ್ಟಿದ್ದಾನೆ. ಸ್ವರಗಳ ನಡುವಣ ವಕಾರ ಲೋಪವಾಗುವುದೂ ಹೊಸದಲ್ಲ. ದೇವಕುಲವು ದೇಗುಲವಾದದ್ದು ಹಾಗೆಯೇ. ಅವಿಧವೆ ಎಂಬಲ್ಲಿ ಮೊದಲ ವಕಾರ ಅಳಿದು ಅ-ಇ ಕೂಡಿ ಐ ಆಯಿತು, ಧಕಾರ ದಕಾರವಾಯಿತು, ‘ಐದವೆ’ಯ ಕೊನೆಯ ವಕಾರವೂ ಸವೆದು ಐದೆ ಉಳಿಯಿತು.

ಇದು ಕೇವಲ ಕಾಗದದ ಮೇಲಿನ ಲೆಕ್ಕಾಚಾರವೆಂದು ಶಂಕಿಸುವವರು ನೆರೆಯ ಎರಡು ಭಾಷೆಗಳತ್ತ ನೋಡಬೇಕು. ತೆಲುಗಿನಲ್ಲಿ ಇದೇ ಪದ ‘ಐದುವ’, ‘ಐದವ’ ಎಂದಿದೆ. ಮುತ್ತೈದೆಗೆ ಅವರು ‘ಮುತ್ತೈದುವ’ ಎನ್ನುತ್ತಾರೆ. ಕನ್ನಡ ಕಳೆದುಕೊಂಡ ಕೊನೆಯ ವಕಾರವನ್ನು ತೆಲುಗು ಉಳಿಸಿಕೊಂಡಿದೆ. ಮರಾಠಿಯಲ್ಲಿ ಇದು ‘ಅಹೇವ’. ಪ್ರಾಕೃತದಲ್ಲಿ ಸ್ವರಗಳ ನಡುವಣ ಧಕಾರವು ಹಕಾರವಾಗುವ ನಿಯಮದಂತೆ ಅವಿಧವಾ ‘ಅವಿಹವಾ’ ಆಗಿ, ಅಲ್ಲಿಂದ ಅಹೇವ ಬಂದಿದೆ. ನಮ್ಮ ಐದೆತನಕ್ಕೆ ಅವರ ಮಾತು ‘ಅಹೇವಪಣ’. ಮೂರು ಭಾಷೆಗಳೂ ಒಂದೇ ಪದದ ಬೇರೆ ಬೇರೆ ಅಂಗಗಳನ್ನು ಕಾಪಾಡಿಕೊಂಡಿರುವುದರಿಂದ ಮೂಲವನ್ನು ಪುನಾರಚಿಸುವುದು ಸುಲಭ. ಮರಾಠಿಯ ಅಹೇವದಲ್ಲಿ ಐದು ಎಂಬ ಸಂಖ್ಯೆಗೆ ಎಡೆಯೇ ಇಲ್ಲ ಎಂಬುದನ್ನೂ ಗಮನಿಸಬೇಕು. ಇದಲ್ಲದೆ ಪಿತೃಪಕ್ಷದ ನವಮಿಯನ್ನು ಪಂಚಾಂಗಗಳು ಇಂದಿಗೂ ‘ಅವಿಧವಾ ನವಮಿ’ ಎಂದೇ ನಮೂದಿಸುತ್ತವೆ. ಗಂಡನಿಗಿಂತ ಮೊದಲೇ ತೀರಿಕೊಂಡ ಸ್ತ್ರೀಯರಿಗೆ ವೈದಿಕ ಮನೆತನಗಳಲ್ಲಿ ಶ್ರಾದ್ಧ ಮಾಡುವ ದಿನ ಅದು; ಆ ದಿನ ಮುತ್ತೈದೆಯರಿಗೆ ಊಟವಿಕ್ಕುವ ಪದ್ಧತಿಯೂ ಇದೆ. ಮೂಲ ಪದವೂ ತದ್ಭವವೂ ಒಂದೇ ಪಂಕ್ತಿಯಲ್ಲಿ ಕುಳಿತುಣ್ಣುವುದನ್ನು ಅಲ್ಲಿ ಕಾಣಬಹುದು.

ಇನ್ನು ಮುತ್ತಿನ ಮಾತು. ಇಲ್ಲಿರುವುದು ಸಮುದ್ರದ ಮುತ್ತಲ್ಲ, ‘ಮುದು’ ಎಂಬ ಅಚ್ಚಗನ್ನಡ ಶಬ್ದ. ಮುದುಕ, ಮುಪ್ಪು ಪದಗಳಲ್ಲಿರುವುದೂ ಇದೇ ಧಾತು. ಸ್ವರದ ಮುಂದೆ ಈ ಬಗೆಯ ವಿಶೇಷಣಗಳ ವ್ಯಂಜನ ಇಮ್ಮಡಿಸುತ್ತದೆ: ನಡು ಮತ್ತು ಇರುಳು ಸೇರಿ ನಟ್ಟಿರುಳು, ಕಡು ಮತ್ತು ಆಳು ಸೇರಿ ಕಟ್ಟಾಳು, ಮುದು ಮತ್ತು ಅಜ್ಜ ಸೇರಿ ಮುತ್ತಜ್ಜ. ಮುತ್ತಜ್ಜಿ, ಮುತ್ತಯ್ಯ, ಮುತ್ತವ್ವ ಎಲ್ಲವೂ ಇದೇ ಅಚ್ಚಿನವು. ಮುತ್ತಜ್ಜನ ಕೊರಳಲ್ಲಿ ಯಾರೂ ಮುತ್ತನ್ನು ಹುಡುಕುವುದಿಲ್ಲ, ಮುತ್ತೈದೆಯಲ್ಲಿಯೂ ಹುಡುಕಬೇಕಾಗಿಲ್ಲ. ಮುತ್ತೈದೆ ಎಂದರೆ ಮೂಲತಃ ಹಿರಿಯ ಐದೆ, ಗಂಡನೊಡನೆ ಬಹುಕಾಲ ಬಾಳಿ ವಯಸ್ಸಾದವಳು. ‘ದೀರ್ಘಸುಮಂಗಲಿಯಾಗು’ ಎಂಬ ಹರಕೆಯಲ್ಲಿ ದೀರ್ಘ ಎಂಬ ವಿಶೇಷಣ ಏನು ಹೇಳುತ್ತದೆಯೋ, ಮುತ್ತೈದೆಯಲ್ಲಿ ಮುದು ಎಂಬುದು ಅದನ್ನೇ ಹೇಳುತ್ತದೆ. ಕಾಲಾಂತರದಲ್ಲಿ ಈ ಗೌರವವಾಚಕವು ಹಿಗ್ಗಿ ನಿನ್ನೆ ತಾಳಿ ಕಟ್ಟಿಸಿಕೊಂಡವಳಿಗೂ ಸಂದಿತು. ಬಾಲ್ಯವಿವಾಹದ ದಿನಗಳಲ್ಲಿ ಎಂಟು ವರ್ಷದ ಹುಡುಗಿಯೂ ‘ಹಿರಿಯ ಐದೆ’ಯಾದಳು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಇದೇ ಸೀಮೆಯ ಮದುವೆಗಳಲ್ಲಿ ಕುಂಬಾರರ ಮನೆಯಿಂದ ಮುತ್ತೈದೆಯರು ವಾದ್ಯಸಮೇತ ಹೊತ್ತು ತರುವ, ಬಣ್ಣ ಬರೆದ ಗಡಿಗೆಗಳಿಗೆ ‘ಐರಾಣಿ’ ಎಂಬ ಹೆಸರಿದೆ. ತೆಲುಗಿನಲ್ಲಿ ಇವು ‘ಐರೇನಿ’ ಕುಂಡಗಳು. ಊರ ಹೆಸರೋ ಐರಣಿ. ಐದೆ, ಐರಾಣಿ, ಐರಣಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ, ‘ಮುತ್ತೈದೆಯರ ಊರು’ ಎಂದು ಕಥೆ ಕಟ್ಟಲು ಸ್ಥಳಪುರಾಣದ ಆಸಕ್ತರಿಗೆ ಮನಸ್ಸಾಗುವುದು ಸಹಜ. ಆದರೆ ಐದೆಯ ಐಕಾರ ‘ಅವಿ’ಯಿಂದ ಬಂದದ್ದು, ಅದರ ದಕಾರವನ್ನು ರಕಾರವಾಗಿಸಿ, ಮೇಲೆ ಣಕಾರವನ್ನು ತಂದು ಕೂಡಿಸುವ ಯಾವ ಧ್ವನಿನಿಯಮವೂ ಇಲ್ಲ. ಐದು ಮುತ್ತುಗಳ ಕಥೆಯನ್ನು ಯಾವ ಕಾರಣಕ್ಕೆ ಬಿಟ್ಟೆವೋ ಅದೇ ಕಾರಣಕ್ಕೆ ಇದನ್ನೂ ಬಿಡಬೇಕು.

ಐದೆಯ ಮೂಲ ಅವಿಧವಾ ಎಂದಾದ ಮೇಲೆ ವಿಧವಾ ಶಬ್ದವನ್ನೂ ನೋಡಬೇಕಾಗುತ್ತದೆ. ‘ವಿ’ ಎಂದರೆ ಇಲ್ಲದ, ‘ಧವ’ ಎಂದರೆ ಗಂಡ, ಗಂಡನಿಲ್ಲದವಳು ವಿಧವೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಮಾಧವ, ಉಮಾಧವ ಎಂಬ ಹೆಸರುಗಳು ಇದಕ್ಕೆ ಆಧಾರವಾಗಿ ತೋರುತ್ತವೆ. ಯಾಸ್ಕನು ನಿರುಕ್ತದ 3ನೆಯ ಅಧ್ಯಾಯದಲ್ಲಿ ವಿಧವಾ ಶಬ್ದಕ್ಕೆ ಒಂದಕ್ಕಿಂತ ಹೆಚ್ಚು ನಿಷ್ಪತ್ತಿಗಳನ್ನು ಸೂಚಿಸಿ, ಧವ ಎಂಬುದು ಮನುಷ್ಯನ ಹೆಸರು ಎಂಬುದನ್ನೂ ಅವುಗಳಲ್ಲಿ ಒಂದಾಗಿ ಹೇಳುತ್ತಾನೆ. ಆದರೆ ಲ್ಯಾಟಿನ್ನಿನ ವಿದುವಾ, ರಷ್ಯನ್ನಿನ ವ್ದೋವಾ, ಇಂಗ್ಲಿಷಿನ ವಿಡೋ, ಪಾರಸಿಯ ಬೇವಾ ಎಲ್ಲವೂ ಇದೇ ಕುಲದ ಪದಗಳು; ಅವುಗಳಲ್ಲಿ ಎಲ್ಲಿಯೂ ‘ಧವ’ ಎಂಬ ಬಿಡಿ ಪದವಿಲ್ಲ. ವಿಧವಾ ಎಂಬುದು ಬೇರ್ಪಡು ಎಂಬ ಅರ್ಥದ ಪ್ರಾಚೀನ ಧಾತುವಿನಿಂದ ಬಂದ ಅಖಂಡ ಶಬ್ದ. ಅದನ್ನು ವಿ-ಧವಾ ಎಂದು ತಪ್ಪಾಗಿ ಬಿಡಿಸಿದ್ದರಿಂದ ಗಂಡನೆಂಬ ಅರ್ಥದ ಧವ ಹುಟ್ಟಿತು ಎಂಬುದು ಭಾಷಾವಿಜ್ಞಾನಿಗಳ ನಿಲುವು. ಅಂದರೆ ಮೊದಲು ವಿಧವೆ ಇದ್ದಳು. ಅವಳಿಂದ ಧವನೂ, ಅವಳನ್ನು ಅಲ್ಲಗಳೆದು ಅವಿಧವೆಯೂ ಹುಟ್ಟಿದರು.

ಈ ವ್ಯುತ್ಪತ್ತಿ ಕೇವಲ ಪಂಡಿತರ ಕುತೂಹಲಕ್ಕೆ ಸಂಬಂಧಿಸಿದ್ದಲ್ಲ. ವಿವಾಹಿತೆಗೆ ನಮ್ಮಲ್ಲಿ ಬೇರೆ ಪದಗಳೂ ಇವೆ. ‘ಸುಮಂಗಲಿ’ ಅವಳಲ್ಲಿರುವ ಮಾಂಗಲ್ಯವನ್ನು ಹೇಳುತ್ತದೆ. ‘ಸುವಾಸಿನಿ’ಯು ಹಳೆಯ ಕೋಶಗಳಲ್ಲಿ ತವರಿನಲ್ಲಿ ನೆಲಸಿರುವ ಯುವತಿಗೆ ಸಲ್ಲುವ ಪದವಾಗಿದ್ದು, ವಾಸವನ್ನು ಹೇಳುತ್ತದೆ. ‘ಗರತಿ’ಯು ಗೃಹಸ್ಥೆಯ ತದ್ಭವವಾಗಿ ಮನೆಯನ್ನು ಹೇಳುತ್ತದೆ, ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಸಂಕಲನಕ್ಕೆ ಹೆಸರಿಟ್ಟಾಗ ಬೀಸುವ ಕಲ್ಲಿನ ಮುಂದೆ ಕುಳಿತ ಆ ಮನೆಯೊಡತಿಯೇ ಅವರ ಕಣ್ಣ ಮುಂದಿದ್ದಳು. ಆದರೆ ಐದೆ ಎಂಬ ಪದ ಹೆಣ್ಣಿನಲ್ಲಿರುವ ಯಾವುದನ್ನೂ ಹೇಳುವುದಿಲ್ಲ; ಅವಳಿಗೆ ಇನ್ನೂ ಒದಗದಿರುವ ಒಂದು ಆಪತ್ತನ್ನು ಹೇಳುತ್ತದೆ. ಆ ಆಪತ್ತು ಒದಗಿದ ದಿನ ಪದ ಕಳಚುತ್ತದೆ. ಪದದೊಡನೆ ಹಂದರಗಂಬದ ಪೂಜೆ, ಉಡಿ ತುಂಬುವ ಅಧಿಕಾರ, ಮಗಳ ಮದುವೆಯಲ್ಲಿ ಮುಂದೆ ನಿಲ್ಲುವ ಹಕ್ಕು ಎಲ್ಲವೂ ಹೋಗುತ್ತವೆ. ಅವಳ ಗುಣದಲ್ಲಿಯೂ ನಡತೆಯಲ್ಲಿಯೂ ಯಾವ ವ್ಯತ್ಯಾಸವೂ ಆಗಿರುವುದಿಲ್ಲ.

ಋಗ್ವೇದದ 10ನೆಯ ಮಂಡಲದ 18ನೆಯ ಸೂಕ್ತದಲ್ಲಿ ಅವಿಧವಾ ಶಬ್ದ ಬರುವ ಸಂದರ್ಭವೇ ಶವಸಂಸ್ಕಾರದ್ದು. ಅಲ್ಲಿ ಅವಿಧವೆಯರಾದ ಸ್ತ್ರೀಯರು ಅಂಜನವಿಟ್ಟುಕೊಂಡು ಮುಂದೆ ಬರಲೆಂದು 7ನೆಯ ಮಂತ್ರ ಹೇಳುತ್ತದೆ. ಮರುಮಂತ್ರವೇ, ಸತ್ತವನ ಬಳಿ ಮಲಗಿದ ಹೆಂಡತಿಗೆ ಎದ್ದು ಜೀವಂತರ ಲೋಕಕ್ಕೆ ಮರಳಿ ಬಾ ಎನ್ನುತ್ತದೆ. ಮಧ್ಯಕಾಲದ ಸ್ಮೃತಿಕಾರರು ಸಹಗಮನಕ್ಕೆ ಆಧಾರ ತೋರಿಸುವಾಗ 7ನೆಯ ಮಂತ್ರದ ‘ಅಗ್ರೇ’ ಎಂಬುದನ್ನು ‘ಅಗ್ನೇಃ’ ಎಂದು ಓದಿದರು. ಮುಂದೆ ಬರಬೇಕಾದವರು ಬೆಂಕಿಗೆ ಇಳಿಯಬೇಕಾದವರಾದರು. 19ನೆಯ ಶತಮಾನದಲ್ಲಿ ವಿಲ್ಸನ್, ಮ್ಯಾಕ್ಸ್ ಮುಲ್ಲರ್ ಮೊದಲಾದವರು ಈ ಪಾಠವಿಕಾರವನ್ನು ಬಯಲಿಗೆ ತಂದರು. ವಿಧವೆಯನ್ನು ಬಾಳಿಗೆ ಕರೆದ 8ನೆಯ ಮಂತ್ರಕ್ಕೆ ಮಾತ್ರ ಅಷ್ಟು ಪ್ರಚಾರ ದೊರೆಯಲಿಲ್ಲ.

ಐದೆತನವನ್ನು ಕಳೆದುಕೊಳ್ಳದಿರುವ ಭಯಂಕರ ಉಪಾಯವೊಂದನ್ನು ನಮ್ಮ ನಾಡಿನ ಮಾಸ್ತಿಕಲ್ಲುಗಳು ತೋರಿಸುತ್ತವೆ. ಕಂಬದಿಂದ ಹೊರಚಾಚಿ ಮೇಲಕ್ಕೆತ್ತಿದ ಒಂಟಿ ತೋಳು, ಬೆರಳುಗಳ ನಡುವೆ ನಿಂಬೆಹಣ್ಣು, ಮುಂಗೈ ತುಂಬ ಬಳೆ. ಆ ಬಳೆಗಳು ಅಲಂಕಾರಕ್ಕಾಗಿ ಕೆತ್ತಿದವಲ್ಲ. ಇವಳ ಬಳೆ ಒಡೆಯಲಿಲ್ಲ, ಇವಳು ವಿಧವೆಯಾಗಲೇ ಇಲ್ಲ ಎಂಬುದು ಅವುಗಳ ಸಾರ.

ಇದಕ್ಕೆದುರಾಗಿ ನಿಲ್ಲುವ ಒಂದು ಬಾಳನ್ನು ಜೈನ ಪರಂಪರೆ ಕನ್ನಡ ನಾಡಿಗೆ ಕೊಟ್ಟಿದೆ. ಹಾವೇರಿ ಸೀಮೆಗೆ ಜೈನಧರ್ಮದ ನಂಟು ಹಳೆಯದು, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಬಂಕಾಪುರದಲ್ಲಿಯೇ ಶಕ 820ರಲ್ಲಿ (ಕ್ರಿ.ಶ. 898) ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರಂಥವರು ನೆಲಸಿದ್ದ ವಿದ್ಯಾಕೇಂದ್ರವೂ ಅದೇ. ಆ ಅಜಿತಸೇನರ ಶಿಷ್ಯ ರನ್ನ. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆ. ಚಾಲುಕ್ಯ ಸೇನಾನಿ ನಾಗದೇವನಿಗೆ ಅತ್ತಿಮಬ್ಬೆ, ಗುಂಡಮಬ್ಬೆ ಎಂಬ ಅಕ್ಕತಂಗಿಯರಿಬ್ಬರೂ ಹೆಂಡಿರು. ನಾಗದೇವ ಮಡಿದಾಗ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಜಿನವ್ರತಗಳನ್ನು ಕೈಗೊಂಡು ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. 1007ರಲ್ಲಿ ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು. ದಾನಚಿಂತಾಮಣಿ ಎಂಬ ಬಿರುದು ಅವಳಿಗೆ ಬಂದದ್ದು, ಶಾಸನವೂ ಕಾವ್ಯವೂ ಅವಳನ್ನು ಒಂದೇ ಕೊರಳಲ್ಲಿ ಕೊಂಡಾಡಿದ್ದು ಈ ಕಾರ್ಯಗಳಿಂದ. ಐದೆ ಎಂಬ ಪದದ ಅಕ್ಷರಾರ್ಥವನ್ನೇ ಹಿಡಿದರೆ ಕನ್ನಡ ನಾಡಿನ ಅತ್ಯಂತ ಪೂಜ್ಯ ಸ್ತ್ರೀಯರಲ್ಲಿ ಒಬ್ಬಳಾದ ಇವಳನ್ನು ಉಡಿ ತುಂಬಲು ಕರೆಯುವಂತಿರಲಿಲ್ಲ.

ಶ್ರಾವಕ ಸಮಾಜದ ಹಳೆಯ ಶಬ್ದಸಂಪತ್ತನ್ನು ನೋಡಿದರೆ ಇದಕ್ಕೆ ಕಾರಣ ಸ್ವಲ್ಪ ಹೊಳೆಯುತ್ತದೆ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಚತುರ್ವಿಧ ಸಂಘದಲ್ಲಿ ಹೆಣ್ಣಿಗೆ ಎರಡು ಸ್ಥಾನಗಳಿವೆ. ಎರಡೂ ಅವಳು ಹಿಡಿದ ವ್ರತದಿಂದ ನಿರ್ಣಯವಾಗುತ್ತವೆ, ಗಂಡನ ಆಯುಷ್ಯದಿಂದಲ್ಲ. ಶ್ರವಣಬೆಳಗೊಳದ ಶಾಸನಗಳು ಗೃಹಸ್ಥ ಶಿಷ್ಯೆಯನ್ನು ಗುರುವಿನ ‘ಗುಡ್ಡಿ’ ಎನ್ನುತ್ತವೆ. ತಪಸ್ವಿನಿಯರನ್ನು ‘ಕಂತಿ’ ಎನ್ನುತ್ತವೆ. 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲದೇವಿ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾಗಿದ್ದಂತೆಯೇ ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿಯೂ ಆಗಿದ್ದಳು. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡಾಗ ವಿಷ್ಣುವರ್ಧನ ಬದುಕಿದ್ದ. ಲೋಕದ ಲೆಕ್ಕದಲ್ಲಿ ಅದು ಮುತ್ತೈದೆ ಸಾವು. ಆದರೆ ಇಂದು ನಾವು ಅವಳನ್ನು ನೆನೆಯುವುದು ಆ ಕಾರಣಕ್ಕಲ್ಲ.

ಕಾನೂನಿನಲ್ಲಿಯೂ ಈ ಭಾವನೆಯ ಎಳೆ ಉಳಿದಿತ್ತು. ಜೈನ ವಿಧವೆಯು ಗಂಡನ ಅನುಮತಿಯಿಲ್ಲದೆಯೂ ದತ್ತು ತೆಗೆದುಕೊಳ್ಳಬಹುದೆಂಬ ಸಂಪ್ರದಾಯವನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1878ರಲ್ಲಿ ಶಿವಸಿಂಗ್ ರಾಯ್ ಮತ್ತು ದಾಖೋ ಅವರ ಮೊಕದ್ದಮೆಯಲ್ಲಿ ಮಾನ್ಯ ಮಾಡಿತು. ಇಷ್ಟೆಲ್ಲ ಇದ್ದರೂ ಜೈನ ಮನೆಗಳ ಹಂದರದಡಿಯಲ್ಲಿ ನಡೆಯುವುದು ಸಿದ್ಧಾಂತವಲ್ಲ, ಊರ ರೂಢಿ ಎಂಬುದನ್ನು ಒಪ್ಪಿಕೊಳ್ಳಬೇಕು. ಗಂಡನ ಮರಣವು ಆ ಜೀವದ ಆಯುಃಕರ್ಮದ ಫಲವೆಂದು ಸ್ವಾಧ್ಯಾಯದಲ್ಲಿ ಓದುವ ನಾವೇ, ಮರುದಿನದ ಸೀಮಂತಕ್ಕೆ ಕರೆಯುವವರ ಪಟ್ಟಿಯಿಂದ ಅತ್ತಿಗೆಯ ಹೆಸರನ್ನು ಬಿಡುತ್ತೇವೆ.

ಉಳಿದ ಸಮಾಜದ ಕಥೆ ಇದಕ್ಕಿಂತ ಕಠೋರವಾದದ್ದು. ವಿಧವಾ ಪುನರ್ವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಒಪ್ಪಿಗೆ ದೊರೆಯಿತು. ದುಡಿಯುವ ಸಮುದಾಯಗಳಲ್ಲಿ ‘ಉಡಿಕೆ’ ಎಂಬ ಮರುಮದುವೆ ಅದಕ್ಕೂ ಮೊದಲೇ ಇತ್ತು. ಆದರೆ ಉಡಿಕೆಯಾದವಳಿಗೆ ಗಂಡನಿದ್ದರೂ ಪೂರ್ಣ ಮುತ್ತೈದೆಯ ಸ್ಥಾನ ಅನೇಕ ಕಡೆ ಸಿಗುತ್ತಿರಲಿಲ್ಲ. ಐದೆಯ ನಿಜಾರ್ಥ, ಎಂದೂ ವಿಧವೆಯಾಗದವಳು ಎಂಬುದು, ಜನರ ನೆನಪಿನಿಂದ ಅಳಿದರೂ ಆಚಾರದಲ್ಲಿ ಉಳಿದುಕೊಂಡಿತ್ತು ಎಂಬುದನ್ನು ಇದು ತೋರಿಸುತ್ತದೆ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ಯನ್ನು ಬರೆದಾಗ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಗೆ ವಸ್ತುವಾದವಳು ಒಬ್ಬ ಬಾಲವಿಧವೆ, 1976ರಲ್ಲಿ ಎಂ. ಕೆ. ಇಂದಿರಾ ‘ಫಣಿಯಮ್ಮ’ನಲ್ಲಿ ಮತ್ತೆ ಅವಳ ಬಳಿಗೆ ಬಂದರು. ನಮ್ಮ ಬೈಗುಳಗಳನ್ನು ಗಮನಿಸಿದರೂ ಸಾಕು. ‘ಮುಂಡೆ’, ‘ಬೋಳಿ’ ಎಂಬ ಮಾತುಗಳ ಮೂಲಾರ್ಥ ತಲೆ ಬೋಳಿಸಿದವಳು ಎಂಬುದಷ್ಟೆ. ದುಃಖಕ್ಕೊಳಗಾದವಳ ಹೆಸರನ್ನೇ ಬೈಗುಳವಾಗಿಸಿದ ಭಾಷೆ ನಮ್ಮದು.

2022ರ ಮೇ ತಿಂಗಳಲ್ಲಿ ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯಿತಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಹರಿಯುವುದು ಇವು ತಮ್ಮ ಊರಿನಲ್ಲಿ ನಿಲ್ಲಬೇಕೆಂಬುದು ಅದರ ತಿರುಳು. ಮಹಾರಾಷ್ಟ್ರ ಸರ್ಕಾರವು ಇತರ ಗ್ರಾಮಗಳೂ ಇದನ್ನು ಅನುಸರಿಸುವಂತೆ ಸೂಚಿಸಿತು. ನಮ್ಮ ಕಡೆಯ ಪಂಚಾಯಿತಿಗಳೂ ಬಸದಿಯ ಸಮಿತಿಗಳೂ ಇಂಥ ಮಾತನ್ನು ಎತ್ತಿಕೊಂಡರೆ ಅದಕ್ಕೆ ಶಾಸ್ತ್ರದ ಅಡ್ಡಿಯೇನೂ ಇಲ್ಲ.

ಪದವನ್ನೇ ಬಿಟ್ಟುಬಿಡಬೇಕೆಂದು ಇಷ್ಟನ್ನೂ ಹೇಳಿದ್ದಲ್ಲ. ಮೂಲಾರ್ಥ ಮರೆತು ಬಳಸುವ ನೂರಾರು ಪದಗಳು ಎಲ್ಲ ಭಾಷೆಗಳಲ್ಲಿಯೂ ಇವೆ, ಮುತ್ತೈದೆಯೂ ಹಾಗೆ ಉಳಿಯುತ್ತದೆ. ಆದರೆ ಅದರ ಎರಡು ಭಾಗಗಳಲ್ಲಿ ‘ಐದೆ’ ಹೆಣ್ಣಿನ ಕೈಯಲ್ಲಿಲ್ಲದ ಒಂದು ಸಂಗತಿಯನ್ನು ಹೇಳಿದರೆ, ‘ಮುದು’ ಅವಳು ಬಾಳಿ ಗಳಿಸಿದ ಹಿರಿತನವನ್ನು ಹೇಳುತ್ತದೆ. ಮನೆಯಲ್ಲಿ ಮದುವೆ ಕೂಡಿಬಂದಾಗ ಉಡಿ ತುಂಬುವ ಐವರಲ್ಲಿ ಮೊದಲನೆಯವಳಾಗಿ ಮನೆಯ ಹಿರಿಯಳನ್ನು, ಅವಳ ಹಣೆಯನ್ನು ನೋಡದೆ, ಕರೆದು ಕೂರಿಸಿದರೆ ಪದದ ಒಂದು ಅರ್ಧಕ್ಕಾದರೂ ನ್ಯಾಯ ಸಲ್ಲಿಸಿದಂತಾಗುತ್ತದೆ.